ವೆಲ್ಡಿಂಗ್ ಮಿಷನ್ ಕೊಳ್ಳುವ ಮುನ್ನ ಕರೆಂಟ್ ಬಿಲ್ ನೋಡಿ

ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ಕಡೆ ಕಬ್ಬಿಣ ಮುರಿಯಲು ಕಾರಣ ಹುಡುಕಬೇಕಿಲ್ಲ. ಕಲ್ಟಿವೇಟರಿನ ಕಾಲು ಕಲ್ಲಿಗೆ ಬಡಿದು ಬಿರುಕು ಬಿಡುತ್ತದೆ, ಕೊಟ್ಟಿಗೆಯ ಗೇಟು ಕೀಲಿನ ಬಳಿ ಕಿತ್ತುಬರುತ್ತದೆ, ಹೊಗೆಸೊಪ್ಪಿನ ಬ್ಯಾರನ್ನಿನ ಒಲೆಬಾಯಿ ಕಾದು ಕಾದು ತೂತಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಮಳೆಗಾಲದ ನಡುವೆಯೇ ಸೊಪ್ಪು ಬೇಯಿಸುವ ಕಾಲವೂ ಬರುತ್ತದೆ. ಬ್ಯಾರನ್ ತುಂಬಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಶಾಖದ ಹದ ತಪ್ಪುವಂತಿಲ್ಲ. ಅಂಥ ಹೊತ್ತಿನಲ್ಲಿ ವೆಲ್ಡಿಂಗ್ ಶಾಪಿನವರ ಕೈ ಬಿಡುವಾಗುವವರೆಗೆ ಕಾಯುವುದು ಕಷ್ಟ. ಮನೆಯಲ್ಲೇ ಒಂದು ಮಿಷನ್ ಇದ್ದರೆ ಎಂಬ ಯೋಚನೆ ಹುಟ್ಟುವುದು ಇಲ್ಲಿಂದಲೇ. ಅಂಗಡಿಗೆ ಹೋದರೆ ಮಾತೆಲ್ಲ ಆಂಪ್ಸ್ ಸುತ್ತಲೇ: 200 ಸಾಕೇ, 250 ಬೇಕೇ, ಇನ್ನೆರಡು ಸಾವಿರ ಹಾಕಿದರೆ 300 ಬರುತ್ತದಲ್ಲ! ಈ ಲೆಕ್ಕ ಶುರುವಾಗಬೇಕಾದ್ದು ಅಂಗಡಿಯಲ್ಲಿ ಅಲ್ಲ, ಮನೆಯ ಮೀಟರ್ ಬೋರ್ಡಿನಲ್ಲಿ ಎಂಬುದು ನನ್ನ ವಾದ.

ವಿದ್ಯುತ್ ಕಂಪನಿ ಸೆಸ್ಕ್ ಕೊಡುವ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಹಳ್ಳಿಮನೆಗಳಲ್ಲಿ ಅದು ಬಹಳ ಸಲ ಒಂದೋ ಎರಡೋ ಕಿಲೋವ್ಯಾಟ್. ಈಗ ಮಿಷನ್ ಎಷ್ಟು ಎಳೆಯುತ್ತದೆ ನೋಡಿ. ಎರಡೂವರೆ ಮಿ.ಮೀ. ರಾಡ್ ಸುಡಲು ಸುಮಾರು 80 ಆಂಪ್ಸ್ ಬೇಕು. ರಾಡಿನ ತುದಿಯ ಕಿಡಿಯಲ್ಲಿ ಆಗ 23 ವೋಲ್ಟ್ ಇರುತ್ತದೆ. ಎರಡನ್ನೂ ಗುಣಿಸಿದರೆ 1,840 ವ್ಯಾಟ್. ಮಿಷನ್ನಿನೊಳಗೆ ಬಿಸಿಯಾಗಿ ಕಳೆಯುವುದನ್ನೂ ಸಾಧಾರಣ ಇನ್ವರ್ಟರ್ ವೆಲ್ಡಿಂಗ್ ಮಿಷನ್ನಿನ ಪವರ್ ಫ್ಯಾಕ್ಟರನ್ನೂ ಸೇರಿಸಿಕೊಂಡರೆ 230 ವೋಲ್ಟಿನ ಲೈನಿನಿಂದ 14–15 ಆಂಪ್ಸ್ ಹೋಗುತ್ತದೆ. ದಪ್ಪ ಮೂರು ಪಿನ್ನಿನ 16 ಆಂಪ್ಸ್ ಪ್ಲಗ್ಗು ಇದನ್ನು ಹೇಗೋ ತಾಳುತ್ತದೆ. ಮೂರು ಮಿ.ಮೀ. ಎಂದು ಕರೆಯುವ 3.15ರ ರಾಡಿಗೆ 120 ಆಂಪ್ಸ್ ಇಟ್ಟರೆ ಲೈನಿನ ಮೇಲೆ 22 ಆಂಪ್ಸ್ ಬೀಳುತ್ತದೆ, ನಾಲ್ಕು ಮಿ.ಮೀ. ರಾಡಿಗೆ 30 ದಾಟುತ್ತದೆ. ಅಂದರೆ ಲೋಡ್ ಹೆಚ್ಚಿಸಿಕೊಂಡು, ಮೀಟರಿನಿಂದ ನೇರವಾಗಿ ದಪ್ಪ ತಂತಿ ಎಳೆದು, ಬೇರೆ ಎಂಸಿಬಿ ಹಾಕಿಸದ ಮನೆಯಲ್ಲಿ 300 ಆಂಪ್ಸ್ ಮಿಷನ್ ತಂದಿಟ್ಟರೂ ಅದರಿಂದ ಸಿಗುವುದು 80–90 ಅಷ್ಟೇ. ಉಳಿದ ಆಂಪ್ಸ್‌ಗೆ ಕೊಟ್ಟ ದುಡ್ಡು ಡಬ್ಬದಲ್ಲೇ ಕೂತಿರುತ್ತದೆ.

ಇದಕ್ಕೆ ಎಕ್ಸ್‌ಟೆನ್ಷನ್ ವೈರಿನ ಉಪದ್ರವ ಸೇರುತ್ತದೆ. ಮನೆಯಿಂದ ಕೊಟ್ಟಿಗೆಗೆ ಮೂವತ್ತು ಮೀಟರ್ ಎಂದುಕೊಳ್ಳಿ. ಕರೆಂಟು ಹೋಗಿ ಬರಬೇಕಾದ ತಾಮ್ರ ಅರವತ್ತು ಮೀಟರ್. ಒಂದು ಚದರ ಮಿ.ಮೀ. ತಂತಿಯಲ್ಲಿ 20 ಆಂಪ್ಸ್ ಹರಿಸಿದರೆ 22 ವೋಲ್ಟ್ ದಾರಿಯಲ್ಲೇ ಸೋರುತ್ತದೆ, ತಂತಿಯೂ ಕಾಯುತ್ತದೆ. ಎರಡೂವರೆ ಚದರ ಮಿ.ಮೀ. ತಂತಿಯಾದರೆ ನಷ್ಟ ಒಂಬತ್ತು ವೋಲ್ಟ್. ಸಂಜೆ ಹೊತ್ತು ಊರಿನ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಬಿದ್ದು ಮೊದಲೇ 190–200 ವೋಲ್ಟಿಗೆ ಇಳಿದ ಲೈನಿನಲ್ಲಿ ಈ ವ್ಯತ್ಯಾಸವೇ ಕಿಡಿ ಹತ್ತುವುದಕ್ಕೂ ರಾಡು ಅಂಟಿಕೊಳ್ಳುವುದಕ್ಕೂ ನಡುವಿನ ಅಂತರ. ವೋಲ್ಟ್ ಇಳಿದಷ್ಟೂ ಅದೇ ಕೆಲಸಕ್ಕೆ ಇನ್ವರ್ಟರು ಲೈನಿನಿಂದ ಹೆಚ್ಚು ಆಂಪ್ಸ್ ಎಳೆಯುತ್ತದೆ ಎಂಬುದನ್ನೂ ಮರೆಯಬಾರದು. ಮಿಷನ್ ಸರಿಯಿಲ್ಲ ಎಂದು ಅಂಗಡಿಗೆ ವಾಪಸು ಹೊತ್ತುಕೊಂಡು ಹೋಗುವವರು ಮೊದಲು ವೈರು ಬದಲಿಸಿ ನೋಡುವುದು ಒಳ್ಳೆಯದು.

ಹಳಬರು ಒಂದು ಆಕ್ಷೇಪ ಎತ್ತುತ್ತಾರೆ: ಇನ್ವರ್ಟರ್ ಎಲ್ಲ ನಾಲ್ಕು ದಿನದ ಬಾಳು, ತಾಮ್ರ ಸುತ್ತಿದ ಟ್ರಾನ್ಸ್‌ಫಾರ್ಮರ್ ಮಿಷನ್ನಾದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಮಾತಿನಲ್ಲಿ ಅರ್ಧ ನಿಜವಿದೆ. ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಮೋಟಾರ್ ರಿವೈಂಡಿಂಗ್ ಮಾಡುವವರೇ ಸುತ್ತಿಕೊಡುತ್ತಾರೆ. ಇನ್ವರ್ಟರಿನ ಬೋರ್ಡು ಸುಟ್ಟರೆ ಮೈಸೂರಿನ ದಾರಿ ಹಿಡಿಯಬೇಕು. ಆದರೆ 70 ವೋಲ್ಟಿನ ಟ್ರಾನ್ಸ್‌ಫಾರ್ಮರಿನಲ್ಲಿ 120 ಆಂಪ್ಸ್ ಸುಟ್ಟರೆ ಸಿಂಗಲ್ ಫೇಸ್ ಲೈನಿನಿಂದ 36 ಆಂಪ್ಸ್ ಎಳೆದಂತೆ. ಹೋಲ್ಡರ್ ತಾಗಿಸಿದಾಗಲೆಲ್ಲ ಅಕ್ಕಪಕ್ಕದ ಮನೆಯ ಬಲ್ಬು ಮಂಕಾಗುವುದು ಇದಕ್ಕೇ. ಶಾಪುಗಳಲ್ಲಿ ಅದನ್ನು ಎರಡು ಫೇಸಿಗೆ ಕೊಟ್ಟು ನಡೆಸುತ್ತಾರೆ, ಮನೆಯಲ್ಲಿ ಆ ಅನುಕೂಲವಿಲ್ಲ. ಪಂಪ್‌ಸೆಟ್ಟಿನ ತ್ರೀ ಫೇಸ್ ಇದೆಯಲ್ಲ ಎನ್ನುವವರಿಗೆ ಉತ್ತರ ಸರಳ: ಆ ಸಂಪರ್ಕ ಕೊಟ್ಟಿರುವುದು ನೀರೆತ್ತಲು, ಅದೂ ದಿನದ ಕೆಲವೇ ತಾಸು. ಇನ್ನು ಇನ್ವರ್ಟರಿನ ಅಲ್ಪಾಯುಷ್ಯಕ್ಕೆ ನಮ್ಮ ಕೊಡುಗೆಯೇ ದೊಡ್ಡದು. ಪಕ್ಕದಲ್ಲೇ ಗ್ರೈಂಡರ್ ಹಿಡಿದರೆ ಕಬ್ಬಿಣದ ಪುಡಿಯನ್ನು ಫ್ಯಾನು ಒಳಗೆಳೆದು ಬೋರ್ಡಿನ ಮೇಲೆ ಹರಡುತ್ತದೆ. ಮೂಲೆಯಲ್ಲಿ ಹಾಗೇ ಬಿಟ್ಟರೆ ಇರುವೆ, ಹಲ್ಲಿ ಸೇರಿಕೊಳ್ಳುತ್ತವೆ. ಮುಚ್ಚಿಟ್ಟು, ಆಗಾಗ ಗಾಳಿ ಹಾಯಿಸಿ ದೂಳು ಕೊಡವಿದರೆ ಮನೆಯ ಅಲ್ಪಸ್ವಲ್ಪ ಕೆಲಸಕ್ಕೆ ಅದು ಚೆನ್ನಾಗಿಯೇ ಬಾಳುತ್ತದೆ.

ಆದ್ದರಿಂದ ಮನೆಗೆ ತಕ್ಕದ್ದು 200 ಆಂಪ್ಸ್‌ನೊಳಗಿನ ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ಮಿಷನ್. ಆದರೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದದ್ದನ್ನು ಬಿಟ್ಟು ಹಿಂಬದಿಯ ತಗಡಿನ ಪಟ್ಟಿ ಓದಿ. ಅಲ್ಲಿ ಡ್ಯೂಟಿ ಸೈಕಲ್ ಎಂದಿರುತ್ತದೆ: ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಸುಡಬಹುದು ಎಂಬ ಲೆಕ್ಕ. ಶೇ 60 ಎಂದರೆ ಆರು ನಿಮಿಷ ಸುಡು, ನಾಲ್ಕು ನಿಮಿಷ ಆರಿಸು. ಎಷ್ಟು ಆಂಪ್ಸ್‌ಗೆ, ಎಷ್ಟು ಡಿಗ್ರಿ ಸೆಕೆಯಲ್ಲಿ ಎಂದೂ ಬರೆದಿರಬೇಕು. ಈ ಪಟ್ಟಿಯೇ ಇಲ್ಲದ, ಬರೀ ದೊಡ್ಡ ಸಂಖ್ಯೆ ಅಂಟಿಸಿದ ಅಗ್ಗದ ಮಾಲನ್ನು ನಾನಂತೂ ನಂಬುವುದಿಲ್ಲ. ಮನೆಯ ಕೆಲಸಕ್ಕೆ ಶೇ 60 ಧಾರಾಳ. ಒಂದು ರಾಡು ಸುಡಲು ಸುಮಾರು ಒಂದು ನಿಮಿಷ. ಆಮೇಲೆ ಕಿಟ್ಟ ಬಡಿಯಬೇಕು, ಬ್ರಷ್ ಹಾಕಬೇಕು, ಆಂಗಲ್ ಮೂಲೆಮಟ್ಟ ನೋಡಬೇಕು. ಅಷ್ಟರಲ್ಲಿ ಮಿಷನ್ ತಾನಾಗಿ ತಣ್ಣಗಾಗಿರುತ್ತದೆ.

ರಾಡಿನ ಬದಲು ತಂತಿಯ ಸುರುಳಿ ಸುಡುವ ಮಿಗ್ ವೆಲ್ಡಿಂಗ್ ಕಲಿಯುವುದು ಸುಲಭ, ಅದನ್ನೇ ತರಬಾರದೇಕೆ ಎಂದು ಕೇಳುವವರಿದ್ದಾರೆ. ಸುಲಭ ಹೌದು. ಒಂದು ಮಿ.ಮೀ. ತಗಡಿಗೆ ರಾಡ್ ತಾಗಿಸಿದರೆ ಬೆಸುಗೆಗಿಂತ ತೂತೇ ಹೆಚ್ಚಾಗುವುದೂ, ಅಲ್ಲಿ ಮಿಗ್ ಗೆಲ್ಲುವುದೂ ನಿಜ. ಆದರೆ ಅದಕ್ಕೆ ಗ್ಯಾಸ್ ಸಿಲಿಂಡರ್ ಬೇಕು, ಖಾಲಿಯಾದಾಗ ತುಂಬಿಸಿ ತರಬೇಕು. ಗಾಳಿಗೆ ತೆರೆದ ಅಂಗಳದಲ್ಲಿ ಆ ಗ್ಯಾಸು ಹಾರಿಹೋಗಿ ಬೆಸುಗೆ ಜೇನುಗೂಡಿನಂತೆ ತೂತು ತೂತಾಗುತ್ತದೆ. ಗ್ಯಾಸಿಲ್ಲದೆ ನಡೆಯುವ ಮದ್ದು ತುಂಬಿದ ತಂತಿಯ ಸುರುಳಿಗಳಿವೆ, ಬೆಲೆ ಮಾತ್ರ ರಾಡಿಗಿಂತ ಬಹಳ ಜಾಸ್ತಿ. ಕಿಟಕಿ, ಗೇಟು, ಕೊಟ್ಟಿಗೆಯ ಕಂಬಿ ಇಷ್ಟೇ ಕೆಲಸವಿರುವಲ್ಲಿ ರಾಡೇ ಮೇಲು. ರಾಡಿನಲ್ಲೂ 6013 ನಂಬರಿನದು ಸಾಕು. ತುಸು ತೇವ ತಗುಲಿದರೂ ನಡೆಯುತ್ತದೆ. 7018 ಹಾಗಲ್ಲ, ಒಲೆಯಲ್ಲಿ ಒಣಗಿಸಿ ಬಿಸಿಯಾಗಿಯೇ ಇಡಬೇಕಾದ ಜಾತಿ. ಕಬಿನಿ ಸೀಮೆಯ ಜುಲೈ ತಿಂಗಳ ಜಡಿಮಳೆಯಲ್ಲಿ ಒಡೆದ ಪೊಟ್ಟಣವನ್ನು ಹಾಗೇ ಇಟ್ಟವರಿಗೆ ಅದರ ಬಲ ಸಿಗುವುದಿಲ್ಲ.

ಕರೆಂಟು ಖರ್ಚಿನ ಚಿಂತೆ ಬೇಡ. ಎರಡೂವರೆ ಮಿ.ಮೀ. ರಾಡು ಇಪ್ಪತ್ತೈದು ಸುಟ್ಟರೆ ಒಂದು ಯೂನಿಟ್ ಆಗಬಹುದು. 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕವನ್ನು ಅದು ಕದಲಿಸುವುದೂ ಕಡಿಮೆ. ಯೂನಿಟ್ ಬೇರೆ, ಲೋಡ್ ಬೇರೆ. ತೊಂದರೆ ಬರುವುದು ಎರಡನೆಯದರಿಂದ. ಊರವರ ಕೆಲಸವನ್ನೂ ದುಡ್ಡಿಗೆ ಹಿಡಿದರೆ ಅದು ಗೃಹಬಳಕೆಯಲ್ಲ, ಸಂಪರ್ಕ ಬದಲಿಸಿಕೊಳ್ಳಬೇಕು.

ಚಿಕ್ಕ ಮಿಷನ್ನಿನಲ್ಲಿ ಉಳಿದ ಹಣ ಅರ್ಥಿಂಗ್‌ಗೆ, 30 ಮಿಲಿಆಂಪ್ಸ್ ಆರ್‌ಸಿಸಿಬಿಗೆ, ಚರ್ಮದ ಕೈಗವಸಿಗೆ, 10 ಅಥವಾ 11ನೇ ನಂಬರಿನ ಕಪ್ಪು ಗಾಜಿಗೆ ಹೋಗಲಿ. ಬರಿಗಣ್ಣಲ್ಲಿ ಕಿಡಿ ನೋಡಿದ್ದರ ಉರಿ ಆಗಲೇ ತಿಳಿಯುವುದಿಲ್ಲ, ರಾತ್ರಿ ಕಣ್ಣು ಮುಚ್ಚಲು ಬಿಡುವುದಿಲ್ಲ. ಜಿಐ ಪೈಪನ್ನು ಬೆಸೆಯುವಾಗ ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದರೆ ಚಳಿಜ್ವರ ಬರುತ್ತದೆ, ಆದ್ದರಿಂದ ಬೆಸೆಯುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆದು ಬಯಲಲ್ಲಿ ಕೆಲಸ ಮಾಡಬೇಕು.

ಮನೆಗೆ ಮಿಷನ್ ಬಂದರೆ ಶಾಪಿನ ಹಂಗಿಲ್ಲ ಎಂದುಕೊಳ್ಳುವುದೂ ತಪ್ಪೇ. ಟ್ರೇಲರಿನ ಕೊಂಡಿ, ಟ್ರಾಕ್ಟರಿನ ಹಿಂಬದಿಯ ಲಿಂಕ್, ಆಕ್ಸಲ್ ಇವು ಬಿಟ್ಟುಕೊಂಡರೆ ದಾರಿಯಲ್ಲಿ ಹೋಗುವವರ ಜೀವಕ್ಕೆ ಅಪಾಯ. ಕಲ್ಟಿವೇಟರಿನ ಗುಳ ಗಡಸು ಉಕ್ಕು. 6013ರಲ್ಲಿ ಅಂಟಿಸಿದರೆ ಬೆಸುಗೆ ನಿಲ್ಲುತ್ತದೆ, ಅದರ ಪಕ್ಕದ ಉಕ್ಕು ಬೇಗ ತಣಿದು ಪೆಡಸಾಗಿ ಅಲ್ಲೇ ಸೀಳುತ್ತದೆ. ಪಂಪಿನ ಬೀಡುಕಬ್ಬಿಣಕ್ಕೆ ನಿಕ್ಕಲ್ ರಾಡೂ ಪಳಗಿದ ಕೈಯೂ ಬೇಕು. ಪೆಟ್ರೋಲ್, ಡೀಸೆಲ್ ತುಂಬಿದ್ದ ಡ್ರಮ್ಮು ಎಷ್ಟು ಖಾಲಿಯಾಗಿ ಕಂಡರೂ ಮನೆಯಲ್ಲಿ ಮುಟ್ಟುವಂತಿಲ್ಲ. ಇವನ್ನೆಲ್ಲ ಹ್ಯಾಂಡ್‌ಪೋಸ್ಟಿಗೋ ಸರಗೂರಿಗೋ ಒಯ್ದು, ಕಸುಬು ಬಲ್ಲವರ ಕೈಯಲ್ಲಿ ಮಾಡಿಸುವುದೇ ಸರಿ.