ಸುಕ್ರಜ್ಜಿಯ ಹಾಡಿನ ಲೆಕ್ಕ

ಸುಕ್ರಿ ಬೊಮ್ಮಗೌಡರಿಗೆ ಎಷ್ಟು ಹಾಡು ಬರುತ್ತಿದ್ದವು? ಒಂದು ಪತ್ರಿಕೆ ಸಾವಿರ ಎಂದು ಬರೆದರೆ ಇನ್ನೊಂದು ಐದು ಸಾವಿರ ಎಂದಿತು. ಯಾರೂ ಕೂತು ಎಣಿಸಿರಲಿಕ್ಕಿಲ್ಲ. ಎಣಿಸುವುದು ಸುಲಭವೂ ಅಲ್ಲ. ನಾಟಿಯ ಹಾಡು ಗದ್ದೆಯಷ್ಟು ಉದ್ದ, ಸಸಿ ಮುಗಿಯುವ ತನಕ ಬೆಳೆಯುತ್ತಲೇ ಇರುತ್ತದೆ. ಮದುವೆಯ ಹಾಡು ಶಾಸ್ತ್ರದಿಂದ ಶಾಸ್ತ್ರಕ್ಕೆ ಕವಲೊಡೆಯುತ್ತದೆ. ಅದನ್ನು ಒಂದು ಎನ್ನಬೇಕೋ, ಇಪ್ಪತ್ತು ಎನ್ನಬೇಕೋ?

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಬಡಗೇರಿಯ ಈ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ತಾಯಿಯ ಬಾಯಿಂದ ಕಲಿತದ್ದೇ ಅವರ ಬಂಡವಾಳ. ಆದರೂ ಅವರ ಸಮುದಾಯವಾದ ಹಾಲಕ್ಕಿ ಒಕ್ಕಲಿಗರ ಚರಿತ್ರೆ ಕೇಳಿಕೊಂಡು ಬಂದವರು ಕೊನೆಗೆ ಹೋಗಿ ಕೂರುತ್ತಿದ್ದುದು ಅವರ ಜಗಲಿಯಲ್ಲೇ.

ಕರಾವಳಿಯ ಈ ತುಂಡಿಗೆ ಬರೆದಿಟ್ಟ ಚರಿತ್ರೆ ಇಲ್ಲದಿಲ್ಲ. ಅಣ್ಣ ನ್ಯಾಯಾಧೀಶರಾಗಿದ್ದ ಕಾಲದಲ್ಲಿ ಕಾರವಾರಕ್ಕೆ ಬಂದು ಕೆಲಕಾಲ ತಂಗಿದ್ದ ರವೀಂದ್ರನಾಥ ಟಾಗೋರರ ಹೆಸರು ಅಲ್ಲಿನ ಕಡಲತೀರಕ್ಕೇ ಇದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ಪಠ್ಯಪುಸ್ತಕದ ಮಾತಾಗಿದೆ. ಅದೇ ಊರಿನ ಬಯಲಲ್ಲಿ ತಲೆತಲಾಂತರದಿಂದ ಭತ್ತ ಬೆಳೆದವರ ಬಗ್ಗೆ ಮಾತ್ರ ಕಾಗದ ಹೆಚ್ಚು ಮಾತಾಡುವುದಿಲ್ಲ. ಕತ್ತು ತುಂಬ ಕರಿಮಣಿ ಸರ, ಭುಜದ ಮೇಲೆ ಗಂಟು ಹಾಕಿದ ಕುಪ್ಪಸವಿಲ್ಲದ ಸೀರೆ ಉಟ್ಟು ಅಂಕೋಲಾ, ಗೋಕರ್ಣದ ಪೇಟೆಯಲ್ಲಿ ತರಕಾರಿ ಬುಟ್ಟಿ ಇಟ್ಟು ಕೂತ ಹಾಲಕ್ಕಿ ಹೆಂಗಸರ ಫೋಟೋ ತೆಗೆಯದ ಪ್ರವಾಸಿಗರಿಲ್ಲ. ಅವರ ಕೇರಿಯಾದ ಕೊಪ್ಪದ ಕಟ್ಟಳೆ ಏನು, ಅದರ ಮುಖ್ಯಸ್ಥನಾದ ಗೌಡ ಯಾರು, ಅವನ ಸಹಾಯಕ ಬುದವಂತನ ಕೆಲಸವೇನು, ಸೀಮೆ ಎಲ್ಲಿಂದ ಎಲ್ಲಿಯ ತನಕ ಎಂದು ಕೇಳಿದವರು ಕಡಿಮೆ. ಕೇಳಿದ್ದರೆ ಉತ್ತರ ಹಾಡಿನಲ್ಲಿತ್ತು. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿಯಂಥ ಜಾನಪದ ವಿದ್ವಾಂಸರು ಈ ಜಿಲ್ಲೆಯ ಕೇರಿ ಕೊಪ್ಪಗಳನ್ನು ಸುತ್ತಿ ಹಾಡು ಕತೆಗಳನ್ನು ಬರೆದುಕೊಳ್ಳದೇ ಇದ್ದಿದ್ದರೆ ಇಷ್ಟೂ ಪುಸ್ತಕಕ್ಕೆ ಬರುತ್ತಿರಲಿಲ್ಲ.

ಹಾಲಕ್ಕಿಗಳಲ್ಲಿ ಗಂಡಸರ ಪಾಲಿಗೆ ಬಂದದ್ದು ಗುಮಟೆ ಪಾಂಗು ಮತ್ತು ಸುಗ್ಗಿ ಕುಣಿತ. ಗುಮಟೆಯೆಂಬ ಮಣ್ಣಿನ ಗಡಿಗೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು; ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಬದಲಿ ಹುಡುಕಬೇಕಾಯಿತು. ತಲೆಯ ಮೇಲೆ ಬೆಂಡಿನ ಹೂವಿನ ತುರಾಯಿ ಇಟ್ಟು ಹೋಳಿಯ ಹೊತ್ತಿಗೆ ಮನೆಮನೆ ಕುಣಿದು ಬರುವ ಸುಗ್ಗಿ ಕಣ್ಣಿಗೆ ಹಬ್ಬ, ಕ್ಯಾಮೆರಾಕ್ಕೂ ಹಬ್ಬ. ಹೆಂಗಸರ ಹಾಡಿಗೆ ಅಂಥ ವೇಷವಿಲ್ಲ. ಕೈಯಲ್ಲಿ ಸಸಿ ಇರುತ್ತದೆ, ಇಲ್ಲವೇ ಒನಕೆ. ಕೆಲಸ ನಿಂತರೆ ಹಾಡೂ ನಿಲ್ಲುತ್ತದೆ.

ಅಪಾಯವಿದ್ದದ್ದೂ ಅಲ್ಲೇ. ಒನಕೆಯ ಕೆಲಸ ಅಕ್ಕಿ ಗಿರಣಿಗೆ ಹೋಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ನಡುವಿನ ಊರೂರೇ ಎದ್ದು ಬೇರೆ ಕಡೆ ಹೋಯಿತು. ಗದ್ದೆ, ನೆರೆಮನೆ ಎರಡೂ ಬದಲಾದ ಮೇಲೆ ಜೊತೆಗೆ ಹಾಡುವುದು ಯಾರ ಸಂಗಡ? ಹಾಡನ್ನು ಮರೆಯಲಿಕ್ಕೆ ಯಾರೂ ಪ್ರಯತ್ನಪಡಬೇಕಿರಲಿಲ್ಲ.

ಸುಕ್ರಿ ಮರೆಯಲಿಲ್ಲ. ಮರೆಯಲು ಅವರಿಗೆ ಕಾರಣಗಳು ಬೇಕಾದಷ್ಟಿದ್ದವು. ಎಳವೆಯಲ್ಲೇ ಮದುವೆಯಾಯಿತು. ಹೆತ್ತ ಮಕ್ಕಳು ಉಳಿಯಲಿಲ್ಲ. ಗಂಡನನ್ನು ಕುಡಿತ ತಿಂದಿತು. ಸಾಕಿಕೊಂಡ ಮಗನನ್ನೂ ಅದೇ ತಿಂದಿತು. ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಹೆಂಡದ ವಿರುದ್ಧ ನಿಂತರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅದರ ಹಿಂದೆ ಹೀಗೆ ಊರೂರಲ್ಲಿ ಬೀದಿಗಿಳಿದ ಹೆಂಗಸರಿದ್ದರು. ಸುಕ್ರಜ್ಜಿಯ ಬಗ್ಗೆ ಬರೆಯುವವರು ಹಾಡನ್ನೂ ಹೋರಾಟವನ್ನೂ ಎರಡು ಬೇರೆ ಕಪಾಟಿನಲ್ಲಿ ಇಡುವುದುಂಟು. ಬಡಗೇರಿಯಲ್ಲಿ ಅವು ಒಂದೇ ಮನೆಯ ಮಾತು. ಗಂಡಸು ಹೆಂಡದಂಗಡಿಯಲ್ಲಿ ಬಿದ್ದ ಮನೆಯಲ್ಲಿ ಮದುವೆಯ ಸೋಬಾನೆ ಎಷ್ಟು ಹೊತ್ತು ನಡೆದೀತು?

ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. ಇದು ದೊಡ್ಡ ಉಪಕಾರವೇ. ಆದರೆ ಧ್ವನಿಮುದ್ರಣದಲ್ಲಿ ಸಿಗುವುದು ಹಾಡಿನ ಅರ್ಧ. ಒಬ್ಬಳು ಎತ್ತಿಕೊಂಡದ್ದನ್ನು ಉಳಿದವರು ಹಿಡಿದು ಮುಂದೆ ದಾಟಿಸುವ ಈ ಹಾಡುಗಾರಿಕೆಯಲ್ಲಿ, ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಒಂಟಿಯಾಗಿ ಕೂತ ದನಿ ಕೈಯೊಂದನ್ನು ಕಳೆದುಕೊಂಡಂತೆ ಕೇಳುತ್ತದೆ. ಅಜ್ಜಿಗೆ ಇದು ಗೊತ್ತಿದ್ದಿರಬೇಕು. ವಿದ್ವಾಂಸರು ಬಂದು ಬರೆದುಕೊಂಡು ಹೋದರೂ, ಪ್ರಶಸ್ತಿಗಳು ಬಂದರೂ, ಎಳೆಯರಿಗೆ ಬಾಯಿಂದ ಬಾಯಿಗೆ ಕಲಿಸುವುದನ್ನು ಅವರು ಬಿಡಲಿಲ್ಲ.

ಪ್ರಶಸ್ತಿಗಳು ತಡವಾಗಿ ಬಂದರೂ ಬಂದವು. 2006ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ, 2017ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನಕ್ಕೂ ಅವರು ಹೋದದ್ದು ತಮ್ಮ ಮಣಿಸರ, ತಮ್ಮ ಸೀರೆಯಲ್ಲೇ. ಮೂರು ವರ್ಷಗಳ ನಂತರ ಅದೇ ತಾಲೂಕಿನ, ಅದೇ ಸಮುದಾಯದ ಹೊನ್ನಳ್ಳಿಯ ತುಳಸಿ ಗೌಡರಿಗೂ ಪದ್ಮಶ್ರೀ ಬಂತು. ಒಬ್ಬರಿಗೆ ಹಾಡಿನ ನೆನಪು, ಇನ್ನೊಬ್ಬರಿಗೆ ಗಿಡದ ನೆನಪು. ಇಷ್ಟಾಗಿಯೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂಬ ಹಾಲಕ್ಕಿಗಳ ಹಳೆಯ ಬೇಡಿಕೆ ಕಡತದಿಂದ ಕಡತಕ್ಕೆ ಓಡಾಡುತ್ತಲೇ ಉಳಿಯಿತು. ಕರೆದು ಹಾಡಿಸುವುದು, ಶಾಲು ಹೊದೆಸುವುದು ಸರ್ಕಾರಕ್ಕೆ ಸುಲಭ.

ತುಳಸಿ ಗೌಡರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಸುಕ್ರಜ್ಜಿಯೂ ಹೋದರು. ಭಾರತ ಹುಣ್ಣಿಮೆ ಕಳೆದ ಮರುದಿನ ಅದು. ಹೋಳಿಗೆ ಇನ್ನೊಂದು ತಿಂಗಳಿತ್ತು. ಕೊಪ್ಪಗಳಲ್ಲಿ ಬೆಂಡು ಕತ್ತರಿಸಿ ತುರಾಯಿ ಕಟ್ಟಲು ಕೂರುವ ದಿನಗಳು ಹತ್ತಿರವಾಗಿದ್ದವು.