ಆ್ಯಪ್‌ಗೆ ಮಾಹಿತಿ ಬರುವುದು ಎಲ್ಲಿಂದ?

ಪ್ರಶ್ನೆ: ಗ್ರಂಥಾಲಯದ ಆ್ಯಪ್‌ನಲ್ಲಿ ಪುಸ್ತಕದ ಹೆಸರು ಒತ್ತಿದರೆ ವಿವರವೆಲ್ಲ ತೆರೆದುಕೊಳ್ಳುತ್ತದೆ. ಅದು ಬರುವುದು ಹೇಗೆ?

ಉತ್ತರ: ಪುಸ್ತಕಗಳ ಪಟ್ಟಿ ಸಾಮಾನ್ಯವಾಗಿ ಆ್ಯಪ್‌ನೊಳಗೆ ಇರುವುದಿಲ್ಲ, ದೂರದ ಸರ್ವರ್‌ನ ಡೇಟಾಬೇಸ್‌ನಲ್ಲಿರುತ್ತದೆ. ಎರಡರ ನಡುವೆ ನಿಂತು ಕೋರಿಕೆ ಪಡೆದು ಉತ್ತರ ಕೊಡುವುದೇ ವೆಬ್ ಎಪಿಐ.

ಇಂಥ ಡೇಟಾಬೇಸ್‌ನಲ್ಲಿ ಮಾಹಿತಿ ಸಾಮಾನ್ಯವಾಗಿ ಕೋಷ್ಟಕಗಳಲ್ಲಿ ಕೂತಿರುತ್ತದೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ವಿಚಾರವಿದು. ಲೇಖಕರಿಗೊಂದು ಕೋಷ್ಟಕ, ಪುಸ್ತಕಗಳಿಗೊಂದು. ಶಿವರಾಮ ಕಾರಂತರ ಹೆಸರನ್ನು ಲೇಖಕರ ಕೋಷ್ಟಕದಲ್ಲಿ ಒಮ್ಮೆ ಬರೆದು, ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ ಎರಡರ ಸಾಲಿನಲ್ಲೂ ಅವರ ಕ್ರಮಸಂಖ್ಯೆಯನ್ನಷ್ಟೇ ಇಟ್ಟರೆ ಸಾಕು. ಹೆಸರಿನ ಕಾಗುಣಿತ ತಪ್ಪಿದ್ದರೆ ಒಂದೇ ಕಡೆ ತಿದ್ದಿದರಾಯಿತು.

ಓದುಗ ಹೆಸರು ಒತ್ತಿದಾಗ ಆ್ಯಪ್ ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯ ‘ಗೆಟ್’ ಎಂಬ ಕೋರಿಕೆ ಕಳಿಸುತ್ತದೆ. ಎಪಿಐ ಅದಕ್ಕೆ ತಕ್ಕ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ವಾಕ್ಯದಿಂದ ಎರಡೂ ಕೋಷ್ಟಕಗಳನ್ನು ಜೋಡಿಸಿ, ಸಿಕ್ಕ ಸಾಲನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಹಿಂದಿರುಗಿಸುತ್ತದೆ. ಜೊತೆಗೆ ಕೆಲಸ ಸರಿಯಾಗಿ ಆಯಿತೆನ್ನುವ 200 ಎಂಬ ಸಂಕೇತ. ಪುಸ್ತಕವೇ ಇಲ್ಲದಿದ್ದರೆ 404. ಹೊಸ ಪುಸ್ತಕ ಸೇರಿಸಲು ‘ಪೋಸ್ಟ್’, ಸೇರಿತೆಂದರೆ 201.

ಇಲ್ಲಿ ಎಚ್ಚರ ಬೇಕೇ ಬೇಕು. ಬಳಕೆದಾರ ಟೈಪ್ ಮಾಡಿದ್ದನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸಿದರೆ, ಕಿಡಿಗೇಡಿಯೊಬ್ಬ ಹುಡುಕಾಟದ ಪೆಟ್ಟಿಗೆಯಲ್ಲೇ ಆಜ್ಞೆ ಬರೆದು ಗುಟ್ಟಿನ ಮಾಹಿತಿ ಕದಿಯಬಹುದು, ಕೋಷ್ಟಕವನ್ನೇ ಅಳಿಸಲೂಬಹುದು. ಆದ್ದರಿಂದ ವಾಕ್ಯದಲ್ಲಿ ಖಾಲಿ ಜಾಗ ಬಿಟ್ಟು, ಅಲ್ಲಿಗೆ ಬೇಕಾದ ಮೌಲ್ಯವನ್ನು ಪ್ರತ್ಯೇಕವಾಗಿ ಡೇಟಾಬೇಸ್‌ಗೆ ಒಪ್ಪಿಸಬೇಕು.

ಕಲಿಯಲು ದುಬಾರಿ ಸರ್ವರ್ ಬೇಡ. ಎಪಿಐ ಬರೆಯಲು ಪೈಥಾನ್ ಭಾಷೆಯ ಫ್ಲಾಸ್ಕ್, ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಎರಡೂ ಉಚಿತ. ಮನೆಯ ಲ್ಯಾಪ್‌ಟಾಪಿನಲ್ಲೇ ಶುರು ಮಾಡಬಹುದು.