ಧ್ವನಿಮುದ್ರಿಕೆಯ ಸಾಕ್ಷ್ಯ: ಬೇಸ್ ಗಿಟಾರ್ ಅಭ್ಯಾಸಿಗಳ ಪರಸ್ಪರ ವಿಮರ್ಶೆ

ಪಾಶ್ಚಾತ್ಯ ಜನಪ್ರಿಯ ಸಂಗೀತದ ವಾದ್ಯಗಳಲ್ಲಿ ಬೇಸ್ ಗಿಟಾರಿನಷ್ಟು ಅವಶ್ಯಕವಾದುದೂ ಅದರಷ್ಟು ಅಲಕ್ಷ್ಯಕ್ಕೆ ಗುರಿಯಾದುದೂ ಮತ್ತೊಂದಿಲ್ಲವೆಂದರೆ ತಪ್ಪಾಗಲಾರದು. ಗಾಯಕನ ಕಂಠವನ್ನೂ ಗಿಟಾರಿನ ತಾರಸ್ವರಗಳನ್ನೂ ಕೇಳುಗರು ಒಡನೆಯೇ ಗುರುತಿಸುತ್ತಾರೆ. ಇವೆಲ್ಲಕ್ಕೂ ತಳಹದಿಯಾದ ಮಂದ್ರನಾದವನ್ನು ಅದು ನಿಂತುಹೋದಾಗ ಮಾತ್ರ ಗಮನಿಸುತ್ತಾರೆ. ಈ ವಾದ್ಯವನ್ನು ಹೊಸದಾಗಿ ಕಲಿಯುವವರು ತಾವು ನುಡಿಸಿದುದನ್ನು ಧ್ವನಿಮುದ್ರಿಸಿ, ತಮ್ಮಂತೆಯೇ ಕಲಿಯುತ್ತಿರುವ ಇತರರಿಗೆ ಕಳುಹಿಸಿ, ಅವರ ಅಭಿಪ್ರಾಯವನ್ನು ಪಡೆದು, ಅವರ ಮುದ್ರಿಕೆಗಳನ್ನು ಕುರಿತು ತಾವೂ ಅಭಿಪ್ರಾಯ ಹೇಳುವ ಪದ್ಧತಿಯೊಂದು ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಗುರುವಿಲ್ಲದ ಕಡೆ ಗುರುವಿನ ಕೆಲಸವನ್ನು ಸಹಾಭ್ಯಾಸಿಗಳು ಹಂಚಿಕೊಳ್ಳುವ ಈ ಏರ್ಪಾಡು ಎಷ್ಟರಮಟ್ಟಿಗೆ ಫಲಕಾರಿಯಾಗಬಲ್ಲದು, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಧ್ವನಿಮುದ್ರಿಕೆಯೂ ಒಂದು ದಾಖಲೆಯೇ. ಇತರ ದಾಖಲೆಗಳಿಗೆ ಸಲ್ಲುವ ವಿಮರ್ಶೆ ಅದಕ್ಕೂ ಸಲ್ಲಬೇಕು ಎಂಬುದೇ ಇದಕ್ಕೆ ಉತ್ತರ.

೧. ವಾದ್ಯದ ಹುಟ್ಟು

೧೯೩೦ರ ದಶಕದಲ್ಲಿ ಜಾಝ್ ಮೇಳಗಳಲ್ಲಿ ಮಂದ್ರಸ್ವರದ ಹೊಣೆಯನ್ನು ಹೊತ್ತಿದ್ದುದು ಮುಖ್ಯವಾಗಿ ಡಬಲ್ ಬೇಸ್ ಎಂಬ, ಆಳೆತ್ತರವನ್ನು ಮೀರಿದ ಮರದ ವಾದ್ಯ. ಅದನ್ನು ಸಾಗಿಸುವುದು ಕಷ್ಟ. ಇತರ ವಾದ್ಯಗಳ ಗದ್ದಲದಲ್ಲಿ ಅದರ ನಾದ ಕೇಳಿಸುವುದೂ ಕಷ್ಟ. ಆ ದಶಕದಲ್ಲಿಯೇ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ ಗಿಟಾರಿನಂತೆ ಅಡ್ಡಲಾಗಿ ಹಿಡಿದು ನುಡಿಸುವ ವಿದ್ಯುತ್ ಬೇಸ್ ಒಂದನ್ನು ತಯಾರಿಸಿದನು. ಆದರೆ ಅದು ಪ್ರಚಾರಕ್ಕೆ ಬರಲಿಲ್ಲ. ೧೯೫೧ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಹೊರತಂದ 'ಪ್ರಿಸಿಷನ್ ಬೇಸ್' ವಾದ್ಯದಿಂದ ಹೊಸ ಯುಗ ಆರಂಭವಾಯಿತು. ವೀಣೆಯ ಮೆಟ್ಟಿಲುಗಳಂತೆ ಇದರ ಕತ್ತಿನ ಮೇಲೆ ಲೋಹದ ಫ್ರೆಟ್‌ಗಳನ್ನು ಕೂರಿಸಲಾಗಿತ್ತು. ಡಬಲ್ ಬೇಸಿನಲ್ಲಿ ಬೆರಳು ತಾನಾಗಿ ಕಂಡುಕೊಳ್ಳಬೇಕಾಗಿದ್ದ ಸ್ವರಸ್ಥಾನ ಇಲ್ಲಿ ನಿಶ್ಚಿತವಾಯಿತು. 'ಪ್ರಿಸಿಷನ್', ಎಂದರೆ ಕರಾರುವಾಕ್ಕು, ಎಂಬ ಹೆಸರು ಬಂದುದು ಈ ಕಾರಣದಿಂದಲೇ.

ಹೀಗೆ ಹೊಸಬನಿಗೆ ವಾದ್ಯ ಸುಲಭವಾಯಿತು. ಆದರೆ ಸುಲಭವಾದುದು ಸ್ವರಸ್ಥಾನ ಮಾತ್ರ. ಲಯ, ಸ್ವರದ ಅವಧಿ, ಮೀಟಿನ ಸಮತೆ ಇವು ಎಂದಿನಂತೆಯೇ ಕಠಿನವಾಗಿ ಉಳಿದವು. ಈ ವಾದ್ಯದಲ್ಲಿ ಅಭ್ಯಾಸಿಯ ದೋಷಗಳು ಹೆಚ್ಚಾಗಿ ಕಂಡುಬರುವುದೂ ಇವುಗಳಲ್ಲಿಯೇ.

೨. ಮುದ್ರಣಯಂತ್ರ ಅಭ್ಯಾಸಿಯ ಕೈಗೆ ಬಂದ ಬಗೆ

ನುಡಿಸುವಾಗ ಅಭ್ಯಾಸಿಯ ಗಮನವೆಲ್ಲ ಬೆರಳುಗಳ ಮೇಲಿರುತ್ತದೆ. ತಾನು ನುಡಿಸಬೇಕೆಂದುಕೊಂಡುದನ್ನೇ ನುಡಿಸಿದೆನೆಂದು ಅವನು ನಂಬುತ್ತಾನೆ. ನುಡಿಸುವವನನ್ನು ಕೇಳುವವನಿಂದ ಬೇರ್ಪಡಿಸುವ ಸಾಧನ ಧ್ವನಿಮುದ್ರಣವೊಂದೇ. ಈ ಸಾಧನ ಬಹುಕಾಲ ಸ್ಟುಡಿಯೊಗಳ ಸ್ವತ್ತಾಗಿತ್ತು. ೧೯೬೩ರಲ್ಲಿ ಫಿಲಿಪ್ಸ್ ಕಂಪೆನಿ ಬರ್ಲಿನ್ನಿನಲ್ಲಿ ಪ್ರದರ್ಶಿಸಿದ ಕ್ಯಾಸೆಟ್ ಅದನ್ನು ಮನೆಮನೆಗೆ ತಂದಿತು. ೧೯೭೯ರಲ್ಲಿ ಜಪಾನಿನ ಟಿಯ್ಯಾಕ್ ಕಂಪೆನಿಯ 'ಪೋರ್ಟಾಸ್ಟುಡಿಯೊ' ಹೊರಬಂದಿತು. ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಪ್ರತ್ಯೇಕ ಪಥಗಳನ್ನು ಮುದ್ರಿಸಬಲ್ಲ ಯಂತ್ರವಿದು. ಡ್ರಮ್ಮಿನ ಲಯವನ್ನು ಒಂದು ಪಥದಲ್ಲಿಟ್ಟು, ಅದನ್ನು ಕೇಳುತ್ತ ಮತ್ತೊಂದರಲ್ಲಿ ಬೇಸನ್ನು ಮುದ್ರಿಸುವುದು ಇದರಿಂದ ಸಾಮಾನ್ಯನಿಗೂ ಸಾಧ್ಯವಾಯಿತು. ಇಂದು ಆ ಸೌಕರ್ಯವೆಲ್ಲ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಅಡಕವಾಗಿದೆ. ಮುದ್ರಿಸುವುದು ಸುಲಭವಾದಷ್ಟು ಮುದ್ರಿಕೆಯನ್ನು ಸರಿಯಾಗಿ ಕೇಳುವುದು ಸುಲಭವಾಗಿದೆಯೇ ಎಂಬುದು ಈಗ ವಿಚಾರಿಸಬೇಕಾದ ಪ್ರಶ್ನೆ.

೩. ಬಾಹ್ಯ ವಿಮರ್ಶೆ

ಫ್ರಾನ್ಸಿನ ಲಾಂಗ್ಲ್ವಾ ಮತ್ತು ಸೆನ್ಯೊಬೋ ಎಂಬ ವಿದ್ವಾಂಸರು ೧೮೯೮ರಲ್ಲಿ ಪ್ರಕಟಿಸಿದ ಇತಿಹಾಸಾಧ್ಯಯನ ಪ್ರವೇಶಿಕೆಯಲ್ಲಿ ದಾಖಲೆಗಳ ವಿಮರ್ಶೆಯನ್ನು ಬಾಹ್ಯ, ಆಂತರಿಕ ಎಂದು ಎರಡಾಗಿ ವಿಂಗಡಿಸಿದ್ದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ದಾಖಲೆ ಏನು ಹೇಳುತ್ತದೆ ಎಂಬುದಕ್ಕೆ ಮೊದಲು, ಅದು ನಮ್ಮ ಕೈಗೆ ಯಾವ ಸ್ಥಿತಿಯಲ್ಲಿ ಬಂದಿದೆ ಎಂಬುದನ್ನು ತಿಳಿಯಬೇಕು. ಶಾಸನದಲ್ಲಿ ಅಕ್ಷರವೊಂದು ಕಾಣದಿದ್ದರೆ, ಬರೆದವನು ತಪ್ಪಿದನೆಂದು ಹೇಳುವ ಮುನ್ನ ಕಲ್ಲು ಸವೆದಿದೆಯೇ, ಪಡಿಯಚ್ಚು ಸರಿಯಾಗಿ ಮೂಡಿಲ್ಲವೇ ಎಂದು ನೋಡುತ್ತೇವೆ. ಬೇಸಿನ ಮುದ್ರಿಕೆಗೂ ಇದೇ ನಿಯಮ ಅನ್ವಯಿಸುತ್ತದೆ.

ಮೊದಲನೆಯದಾಗಿ, ಕೇಳುವ ಸಾಧನ. ಬೇಸಿನ ಅತಿ ಮಂದ್ರವಾದ ತಂತಿಯನ್ನು ಬಿಡಿಯಾಗಿ ಮೀಟಿದಾಗ ಅದು ಸೆಕೆಂಡಿಗೆ ಸುಮಾರು ೪೧ ಬಾರಿ ಕಂಪಿಸುತ್ತದೆ. ಉಳಿದ ಮೂರು ತಂತಿಗಳ ಕಂಪನಗಳು ಕ್ರಮವಾಗಿ ಸುಮಾರು ೫೫, ೭೩ ಮತ್ತು ೯೮. ಮೊಬೈಲಿನ ಪುಟ್ಟ ಸ್ಪೀಕರಿಗೆ ಇಂಥ ಕಂಪನಗಳನ್ನು ಹೊರಡಿಸುವ ಶಕ್ತಿ ಬಹುಮಟ್ಟಿಗೆ ಇಲ್ಲ. ಮೂಲನಾದದೊಡನೆ ಹುಟ್ಟುವ ಮೇಲಿನ ಉಪಸ್ವರಗಳನ್ನು ಮಾತ್ರ ಅದು ಕೇಳಿಸುತ್ತದೆ. ಅವುಗಳಿಂದ ಮೂಲಸ್ವರವನ್ನು ನಮ್ಮ ಶ್ರವಣೇಂದ್ರಿಯ ಊಹಿಸಿಕೊಳ್ಳುತ್ತದೆ. ಸಾಧನ ಉತ್ತಮವಾಗಿದ್ದರೂ ಇನ್ನೊಂದು ತೊಡಕುಂಟು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿಯೇ ತೋರಿಸಿದಂತೆ, ತಗ್ಗಿದ ಧ್ವನಿಯಲ್ಲಿ ಕೇಳುವಾಗ ಮಂದ್ರಸ್ವರಗಳು ಮಧ್ಯಸ್ವರಗಳಿಗಿಂತ ಬಹಳ ಕ್ಷೀಣವಾಗಿ ಕೇಳಿಸುತ್ತವೆ. ಆದಕಾರಣ 'ನಾದದಲ್ಲಿ ತುಂಬು ಇಲ್ಲ' ಎಂದು ಬರೆಯುವ ವಿಮರ್ಶಕ, ತಾನು ಯಾವುದರಲ್ಲಿ ಕೇಳಿದೆನೆಂಬುದನ್ನು ಮೊದಲು ಹೇಳತಕ್ಕದ್ದು.

ಎರಡನೆಯದು, ಮುದ್ರಿಸಿದ ಬಗೆ. ಇಲ್ಲಿ ಲೇಖಕನ ಸ್ವಂತ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಈ ವಾದ್ಯವನ್ನು ಕಲಿಯತೊಡಗಿದ ಕೆಲವು ತಿಂಗಳ ಅನಂತರ, ಡ್ರಮ್ಮಿನ ಮುದ್ರಿಕೆಯೊಂದನ್ನು ನಿಸ್ತಂತು ಹೆಡ್‌ಫೋನಿನಲ್ಲಿ ಕೇಳುತ್ತ ನುಡಿಸಿ, ಎರಡನ್ನೂ ಕೂಡಿಸಿ, ಕೆಲವರು ಸಹಾಭ್ಯಾಸಿಗಳಿಗೆ ಕಳುಹಿಸಿದೆನು. ಒಬ್ಬರು 'ಬಹಳ ಚೆನ್ನಾಗಿದೆ' ಎಂದರು. ಮತ್ತೊಬ್ಬರು 'ನಿಮಗೆ ತಾಳಜ್ಞಾನವೇ ಇಲ್ಲ. ಬೇರೆ ಹವ್ಯಾಸ ನೋಡಿಕೊಳ್ಳುವುದು ಮೇಲು' ಎಂದರು. ಮುದ್ರಿಕೆಯನ್ನು ಕೇಳಿ ನೋಡಿದರೆ, ಬೇಸು ಡ್ರಮ್ಮಿನ ಹಿಂದೆ ಕುಂಟುತ್ತಿದ್ದುದು ನಿಜವೇ. ಎರಡು ವಾರ ವಾದ್ಯವನ್ನು ಮುಟ್ಟಲು ಮನಸ್ಸಾಗಲಿಲ್ಲ. ಮೂರನೆಯವರೊಬ್ಬರು ತಡವಾಗಿ ಉತ್ತರಿಸಿದರು: 'ಎಲ್ಲ ಸ್ವರಗಳೂ ತಡವಾಗಿವೆ, ಆದರೆ ಬಹುತೇಕ ಒಂದೇ ಪ್ರಮಾಣದಲ್ಲಿ ತಡವಾಗಿವೆ. ಮನುಷ್ಯ ಇಷ್ಟು ಕ್ರಮಬದ್ಧವಾಗಿ ತಪ್ಪುವುದಿಲ್ಲ. ಯಂತ್ರವನ್ನು ಪರೀಕ್ಷಿಸಿ.'

ಅವರ ಸೂಚನೆಯಂತೆ ಹೆಡ್‌ಫೋನನ್ನು ಮೈಕಿನ ಬಳಿಯಿಟ್ಟು ಮೆಟ್ರೊನೋಮಿನ ಟಿಕ್ ಶಬ್ದವನ್ನು ಮುದ್ರಿಸಿದಾಗ, ಟಿಕ್ಕೇ ತಡವಾಗಿ ಮುದ್ರಿತವಾಗುತ್ತಿದ್ದುದು ಬೆಳಕಿಗೆ ಬಂದಿತು. ನಿಸ್ತಂತು ಹೆಡ್‌ಫೋನುಗಳಲ್ಲಿ ಈ ವಿಳಂಬ ೧೦೦ ಮಿಲಿಸೆಕೆಂಡನ್ನು ಮೀರುವುದುಂಟು. ನಿಮಿಷಕ್ಕೆ ೧೨೦ ಎಣಿಕೆಗಳ ನಡೆಯಲ್ಲಿ ಒಂದೊಂದು ಎಣಿಕೆಗೆ ಸಲ್ಲುವುದು ೫೦೦ ಮಿಲಿಸೆಕೆಂಡು. ಎಂದರೆ ಎಣಿಕೆಯ ಐದನೆಯ ಒಂದು ಭಾಗದಷ್ಟು ಕಾಲ ಯಂತ್ರದಲ್ಲಿಯೇ ಸೋರಿಹೋಗಬಹುದು. ತಂತಿಯುಳ್ಳ ಹೆಡ್‌ಫೋನನ್ನು ಬಳಸಿದರೆ ವಿಳಂಬದ ಬಹುಭಾಗ ಕಳೆಯುತ್ತದೆ. ಉಳಿದುದನ್ನು ಅಳೆದು ಬೇಸಿನ ಪಥವನ್ನು ಅಷ್ಟೇ ಹಿಂದಕ್ಕೆ ಸರಿಸಬಹುದು. ಹಾಗೆ ಸರಿಸಿ ಕೇಳಿದಾಗ ನನ್ನ ನಿಜವಾದ ದೋಷ ಕಂಡಿತು: ಸುಲಭವಾದ ಭಾಗಗಳಲ್ಲಿ ನಾನು ತಡಮಾಡುತ್ತಿರಲಿಲ್ಲ, ಅವಸರಪಡುತ್ತಿದ್ದೆನು. ಯಂತ್ರದ ತಪ್ಪು ಅಭ್ಯಾಸಿಯ ತಪ್ಪನ್ನು ಮರೆಮಾಡಿತ್ತು.

೪. ಆಂತರಿಕ ವಿಮರ್ಶೆ

ಬಾಹ್ಯ ವಿಮರ್ಶೆ ಮುಗಿದ ಮೇಲೆ ನುಡಿಸಾಣಿಕೆಯ ಪರೀಕ್ಷೆ. ಇದರಲ್ಲಿ ನಾಲ್ಕು ಅಂಶಗಳನ್ನು ಬೇರೆಬೇರೆಯಾಗಿ, ಒಂದೊಂದಕ್ಕೆ ಒಂದೊಂದು ಬಾರಿಯಂತೆ ಕೇಳುವುದು ಲೇಸು.

ಸ್ವರ ಆರಂಭವಾಗುವ ಕ್ಷಣ ಮೊದಲನೆಯದು. ಬೇಸಿನ ಮೀಟು ಡ್ರಮ್ಮಿನ ಪೆಟ್ಟಿನೊಡನೆ ಕೂಡುತ್ತದೆಯೇ, ಕೂಡದಿದ್ದರೆ ಎಲ್ಲೆಲ್ಲಿ ಎಂಬುದನ್ನು ಗುರುತಿಸಬೇಕು. ಸ್ವರ ಮುಗಿಯುವ ಕ್ಷಣ ಎರಡನೆಯದು. ಹೊಸಬರು ಇದನ್ನು ಗಮನಿಸುವುದು ಅಪರೂಪ. ಆದರೆ ಬೇಸಿನಲ್ಲಿ ಮೌನಕ್ಕೂ ನಾದದಷ್ಟೇ ಬೆಲೆ. ಅರ್ಧ ಎಣಿಕೆಯ ಸ್ವರವನ್ನು ಮುಂದಿನ ಸ್ವರದವರೆಗೂ ಎಳೆದರೆ, ಆರಂಭದ ಕ್ಷಣಗಳೆಲ್ಲ ಸರಿಯಾಗಿದ್ದರೂ ನಡೆ ಭಾರವಾಗುತ್ತದೆ. ಮೂರನೆಯದು ಬೇಡದ ನಾದ. ಒಂದು ತಂತಿಯನ್ನು ಮೀಟಿದಾಗ ಉಳಿದವೂ ಅನುರಣಿಸುತ್ತವೆ. ಅವುಗಳನ್ನು ಎರಡು ಕೈಗಳಿಂದಲೂ ತಡೆಹಿಡಿಯುವುದು ಈ ವಾದ್ಯದ ವಿದ್ಯೆಯ ಒಂದು ಮುಖ್ಯ ಭಾಗ. ಫ್ರೆಟ್ಟಿನ ಸಮೀಪದಲ್ಲಿ ಒತ್ತದೆ ದೂರದಲ್ಲಿ ಒತ್ತಿದಾಗ ಹುಟ್ಟುವ ಜೀರುಶಬ್ದವೂ ಇದೇ ವರ್ಗಕ್ಕೆ ಸೇರಿದುದು. ನಾಲ್ಕನೆಯದು ಸಮತೆ, ತೋರುಬೆರಳಿನ ಮೀಟೂ ನಡುಬೆರಳಿನ ಮೀಟೂ ಒಂದೇ ತೂಕದಲ್ಲಿವೆಯೇ ಎಂಬುದು.

ಈ ನಾಲ್ಕೂ ಅಂಶಗಳನ್ನು ಕಾಲನಿರ್ದೇಶದೊಡನೆ ಹೇಳಬಹುದು. 'ನಲವತ್ತನೆಯ ಸೆಕೆಂಡಿನಲ್ಲಿ, ತಂತಿ ಬದಲಾಯಿಸುವಾಗ, ಹಿಂದಿನ ತಂತಿ ಮೊಳಗುತ್ತಲೇ ಇದೆ' ಎಂಬ ವಾಕ್ಯವನ್ನು ಅಭ್ಯಾಸಿ ತಾನೇ ಪರೀಕ್ಷಿಸಿ ನೋಡಬಲ್ಲನು; ನಿಜವಾದರೆ ತಿದ್ದಿಕೊಳ್ಳಬಲ್ಲನು, ಸುಳ್ಳಾದರೆ ಬಿಡಬಲ್ಲನು. 'ಚೆನ್ನಾಗಿದೆ' ಎಂಬುದನ್ನಾಗಲಿ 'ತಾಳಜ್ಞಾನವಿಲ್ಲ' ಎಂಬುದನ್ನಾಗಲಿ ಹೀಗೆ ಪರೀಕ್ಷಿಸುವಂತಿಲ್ಲ.

೫. ಮಾತಿನ ಪರಿಣಾಮ

ವಿಮರ್ಶೆ ಎಂದಾದರೂ ಕೆಡುಕು ಮಾಡೀತೇ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರು ಉತ್ತರವಿತ್ತಿದ್ದಾರೆ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬವರು ವಿವಿಧ ಕ್ಷೇತ್ರಗಳ ೬೦೭ ಫಲಿತಾಂಶಗಳನ್ನು ಕ್ರೋಡೀಕರಿಸಿ ೧೯೯೬ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮಾಡಿದ ಕೆಲಸವನ್ನು ಕುರಿತ ಅಭಿಪ್ರಾಯ ಸರಾಸರಿಯಲ್ಲಿ ಸಾಧನೆಯನ್ನು ಉತ್ತಮಪಡಿಸಿತು. ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಕುಗ್ಗಿಸಿತು. ಕೇಳಿದವನ ಗಮನ ಕೆಲಸದಿಂದ ಸರಿದು ತನ್ನ ಯೋಗ್ಯತೆಯ ಕಡೆಗೆ ತಿರುಗಿದಷ್ಟೂ ಪ್ರಯೋಜನ ಕಡಿಮೆಯಾಗುತ್ತದೆಂಬುದು ಅವರ ವಿವರಣೆ. ಹೊಗಳಿಕೆಯೂ ಈ ಮಾತಿಗೆ ಹೊರತಲ್ಲ. ಗುರು ಎದುರಿಗೆ ಕುಳಿತಾಗ ಕಟುವಾದ ಮಾತಿನ ಬೆನ್ನಿಗೇ ಸರಿಯಾದ ಪ್ರಯೋಗವನ್ನು ನುಡಿಸಿ ತೋರಿಸುತ್ತಾನೆ. ದೂರದಿಂದ ಬರೆದು ಕಳುಹಿಸಿದ ಮಾತಿಗೆ ಆ ಬೆಂಬಲವಿಲ್ಲ. ಬೇರೆ ಗುರುವಿಲ್ಲದವನು ಆ ಒಂದು ವಾಕ್ಯವನ್ನೇ ತೀರ್ಪೆಂದು ತಿಳಿದು ವಾದ್ಯವನ್ನು ಕೆಳಗಿಡಬಹುದು. ಯಂತ್ರದ ದೋಷಕ್ಕಾಗಿ ಮನುಷ್ಯ ಶಿಕ್ಷೆ ಅನುಭವಿಸುವಂತಾಗಕೂಡದು.

೬. ಉಪಸಂಹಾರ

ಈ ವಾದ್ಯದ ಇತಿಹಾಸದಲ್ಲಿಯೇ ನಮ್ಮ ವಿಷಯಕ್ಕೆ ಒಪ್ಪುವ ನಿದರ್ಶನವೊಂದುಂಟು. ಡೆಟ್ರಾಯಿಟ್ ನಗರದಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ಮೋಟೌನ್ ಸಂಸ್ಥೆಯ ಅಸಂಖ್ಯಾತ ಹಾಡುಗಳಿಗೆ ಬೇಸ್ ನುಡಿಸಿದವನು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ ಈತನ ಹೆಸರನ್ನು ಸಂಸ್ಥೆ ತನ್ನ ಮುದ್ರಿಕೆಗಳ ಮೇಲೆ ಬಹುಕಾಲ ಅಚ್ಚುಹಾಕಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ಹೊರತಂದ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನಲ್ಲಿ ವಾದಕರ ಹೆಸರುಗಳು ಕಾಣಿಸಿಕೊಂಡವು. ದಾಖಲೆಯ ಈ ಕೊರತೆಯಿಂದಾಗಿ ಆ ಕಾಲದ ಕೆಲವು ಹಾಡುಗಳಲ್ಲಿ ಬೇಸ್ ನುಡಿಸಿದವರು ಯಾರೆಂಬ ವಿವಾದ ಇಂದಿಗೂ ಇದೆ. ಜೇಮರ್ಸನ್ ೧೯೮೩ರಲ್ಲಿ ತೀರಿಕೊಂಡನು. ಅಲನ್ ಸ್ಲಟ್ಸ್‌ಕಿ ಎಂಬವರು ಆತನ ಜೀವನವನ್ನು ಬರೆದು, ಆತನ ಬೇಸ್ ಪಂಕ್ತಿಗಳನ್ನು ಸ್ವರಲಿಪಿಗಿಳಿಸಿ ೧೯೮೯ರಲ್ಲಿ ಪ್ರಕಟಿಸಿದಾಗ, ಹಲವು ಪ್ರಸಿದ್ಧ ವಾದಕರು ಅವನ್ನು ತಾವೇ ನುಡಿಸಿ ಮುದ್ರಿಸಿ ಆ ಪುಸ್ತಕಕ್ಕೆ ಒದಗಿಸಿದರು. ಹೆಸರಿಲ್ಲದೆ ಉಳಿದಿದ್ದವನನ್ನು ಇವರೆಲ್ಲ ಮುದ್ರಿಕೆಯಿಂದಲೇ, ಒಂದೊಂದು ಸ್ವರವನ್ನೂ ಕಿವಿಗೊಟ್ಟು ಕೇಳಿ, ಅರಿತುಕೊಂಡಿದ್ದರು.

ಹೊಸ ಅಭ್ಯಾಸಿಯ ಮುದ್ರಿಕೆಗೂ ಅಂಥ ಶ್ರದ್ಧೆ ಸಲ್ಲಬೇಕು. ಯಾವುದರಲ್ಲಿ ಕೇಳಿದೆ, ಎಷ್ಟನೆಯ ಸೆಕೆಂಡಿನಲ್ಲಿ ಏನು ಕೇಳಿತು, ಅದು ಕೈಯಿಂದ ಬಂದುದೋ ಯಂತ್ರದಿಂದ ಬಂದುದೋ ಎಂಬ ಮೂರನ್ನು ಹೇಳಬಲ್ಲವನು, ಸ್ವತಃ ಹೊಸಬನಾದರೂ, ಮತ್ತೊಬ್ಬ ಹೊಸಬನಿಗೆ ನೆರವಾಗಬಲ್ಲನು. ಇತರರ ಮುದ್ರಿಕೆಗಳನ್ನು ಹೀಗೆ ಕೇಳಿ ಪಳಗಿದ ಕಿವಿ ಕ್ರಮೇಣ ತನ್ನ ನುಡಿಸಾಣಿಕೆಯನ್ನೂ ಹಾಗೆಯೇ ಕೇಳತೊಡಗುತ್ತದೆ. ಪರಸ್ಪರ ವಿಮರ್ಶೆಯಿಂದ ಅಭ್ಯಾಸಿಗೆ ಉಳಿಯುವ ಲಾಭ ಬಹುಶಃ ಇದೇ.